ಕಾರ್ಡ್ ನಡೆಯುವ ಕಡೆ ರಕ್ತ ಮತ್ತು ಕ್ಯಾನ್ಸರ್ ಡಾಕ್ಟರ್: ಕಿದ್ವಾಯಿಯೋ, ಖಾಸಗಿಯೋ, ಹತ್ತಿರದ ಮೆಡಿಕಲ್ ಕಾಲೇಜೋ?

ರಕ್ತ ಪರೀಕ್ಷೆಯಲ್ಲಿ ಬಿಳಿ ರಕ್ತಕಣ ವಿಪರೀತ ಜಾಸ್ತಿ ಬಂದಿದೆ. ಅಥವಾ ಪ್ಲೇಟ್‌ಲೆಟ್ ಹತ್ತು ಸಾವಿರಕ್ಕೆ ಇಳಿದಿದೆ. ಊರಿನ ಡಾಕ್ಟರ್ "ಹೆಮಟಾಲಜಿಸ್ಟ್ ಹತ್ತಿರ ತೋರಿಸಿ" ಅಂತ, ಅಂದರೆ ರಕ್ತದ ಕಾಯಿಲೆಯ ಡಾಕ್ಟರಿಗೆ ತೋರಿಸಿ ಅಂತ, ಚೀಟಿ ಬರೆದು ಕೈಗೆ ಕೊಟ್ಟಿದ್ದಾರೆ. ಆಗ ಮನೆಯವರು ಸಿಕ್ಕಸಿಕ್ಕವರನ್ನೆಲ್ಲ ಕೇಳುವುದು ಒಂದೇ ಮಾತು: ಆಯುಷ್ಮಾನ್ ಕಾರ್ಡ್ ತಗೊಳ್ಳುವ ಒಳ್ಳೆಯ ಡಾಕ್ಟರ್ ಯಾರಾದರೂ ಗೊತ್ತಾ?

ಈ ಪ್ರಶ್ನೆಗೆ ಸರಿಯಾದ ಉತ್ತರ ಸಿಗುವುದೇ ಇಲ್ಲ. ಯಾಕೆಂದರೆ ಯೋಜನೆಗೆ ನೋಂದಣಿ ಆಗಿರುವುದು ಆಸ್ಪತ್ರೆ, ಡಾಕ್ಟರ್ ಅಲ್ಲ. ಆಸ್ಪತ್ರೆ ಕೂಡ ಇಡಿಯಾಗಿ ನೋಂದಣಿ ಆಗಿರಬೇಕಂತಿಲ್ಲ, ಕೆಲವು ವಿಭಾಗಗಳಿಗೆ ಮಾತ್ರ ಆಗಿರುತ್ತದೆ. ಆ ವಿಭಾಗದೊಳಗೂ ಹಣ ಮಂಜೂರಾಗುವುದು ಒಂದೊಂದು ಪ್ಯಾಕೇಜಿಗೆ, ಅಂದರೆ ಸರ್ಕಾರ ದರ ನಿಗದಿ ಮಾಡಿರುವ ಒಂದೊಂದು ಚಿಕಿತ್ಸೆಗೆ. ಹೊರಗಡೆ ದೊಡ್ಡ ಬೋರ್ಡ್ ಹಾಕಿರುವ ಆಸ್ಪತ್ರೆಯಲ್ಲಿ ಮಂಡಿ ಆಪರೇಷನ್ನಿಗೆ ಕಾರ್ಡ್ ನಡೆಯುತ್ತದೆ, ಕೀಮೋಗೆ ನಡೆಯುವುದಿಲ್ಲ, ಹೀಗೂ ಇರುತ್ತದೆ. ಅದೇ ಡಾಕ್ಟರ್ ಬೆಳಿಗ್ಗೆ ನೋಂದಾಯಿತ ಆಸ್ಪತ್ರೆಯಲ್ಲಿ ಕೂತಿದ್ದು ಸಂಜೆ ತಮ್ಮ ಕ್ಲಿನಿಕ್‌ನಲ್ಲಿ ನೋಡುತ್ತಾರೆ ಅಂದುಕೊಳ್ಳಿ, ಕ್ಲಿನಿಕ್‌ನಲ್ಲಿ ನಿಮ್ಮ ಕಾರ್ಡಿಗೆ ಬೆಲೆ ಇಲ್ಲ. ಹಾಗಾಗಿ ಹುಡುಕಾಟದ ಕ್ರಮ ತಿರುವುಮುರುವು ಮಾಡಿಕೊಳ್ಳಿ. ಮೊದಲು ಕಾಯಿಲೆ ಯಾವ ಡಾಕ್ಟರಿಗೆ ಸೇರಿದ್ದು ಅಂತ ಗೊತ್ತಾಗಬೇಕು, ಆಮೇಲೆ ಕೈಯಲ್ಲಿರುವ ಕಾರ್ಡ್ ಯಾವುದು, ಆಮೇಲೆ ಆಸ್ಪತ್ರೆ. ಡಾಕ್ಟರ ಹೆಸರು ಕೊನೆಗೆ.

ಯಾವ ಡಾಕ್ಟರ್ ಬೇಕು

ಕ್ಯಾನ್ಸರ್ ಡಾಕ್ಟರ್ ಅಂದರೆ ಒಬ್ಬರೇ ಅಲ್ಲ. ಬಾಯಿ, ಸ್ತನ, ಗರ್ಭಕೊರಳು, ಹೊಟ್ಟೆ, ಇಂಥ ಗಡ್ಡೆಯ ಕ್ಯಾನ್ಸರ್‌ಗಳಲ್ಲಿ ಬಹಳ ಸಲ ಮೊದಲು ನೋಡುವವರು ಸರ್ಜಿಕಲ್ ಆಂಕಾಲಜಿಸ್ಟ್. ಕೀಮೋ ಕೊಡುವವರು ಮೆಡಿಕಲ್ ಆಂಕಾಲಜಿಸ್ಟ್. ಕರೆಂಟ್ ಕೊಡುವುದು ಅಂತ ಊರ ಕಡೆ ಹೇಳುತ್ತೇವಲ್ಲ, ಆ ರೇಡಿಯೇಷನ್ ನೋಡಿಕೊಳ್ಳುವವರು ರೇಡಿಯೇಷನ್ ಆಂಕಾಲಜಿಸ್ಟ್. ರಕ್ತದ ಕ್ಯಾನ್ಸರ್‌ಗಳಿಗೆ, ಅಂದರೆ ಲ್ಯುಕೇಮಿಯಾ, ಲಿಂಫೋಮಾ, ಮೈಲೋಮಾ ಇವಕ್ಕೆ ಮೆಡಿಕಲ್ ಆಂಕಾಲಜಿಸ್ಟ್ ಆದರೂ ಸರಿ, ಕ್ಲಿನಿಕಲ್ ಹೆಮಟಾಲಜಿಸ್ಟ್ ಆದರೂ ಸರಿ. ನಮ್ಮ ದೇಶದಲ್ಲಿ ಇಬ್ಬರೂ ನೋಡುತ್ತಾರೆ. ಬೋರ್ಡಿನ ಮೇಲೆ ಹೆಮಟೊ-ಆಂಕಾಲಜಿಸ್ಟ್ ಅಂತ ಇದ್ದರೆ ಈ ಎರಡರಲ್ಲಿ ಒಂದು ದಾರಿಯಿಂದ ಬಂದವರು ಅಂತ ಅರ್ಥ. ಡಾಕ್ಟರ ಹೆಸರಿನ ಮುಂದೆ ಡಿಎಂ ಅಥವಾ ಡಿಆರ್‌ಎನ್‌ಬಿ ಅನ್ನುವ ಉನ್ನತ ಪದವಿ ಇದೆಯಾ, ಅದು ಯಾವ ವಿಷಯದಲ್ಲಿ, ಇಷ್ಟು ನೋಡಿದರೆ ಸಾಕು.

ಗೊಂದಲ ಜಾಸ್ತಿ ಆಗುವುದು ಕ್ಯಾನ್ಸರ್ ಅಲ್ಲದ ರಕ್ತದ ಕಾಯಿಲೆಗಳಲ್ಲಿ. ಅಪ್ಲಾಸ್ಟಿಕ್ ಅನೀಮಿಯಾ (ಮೂಳೆಯೊಳಗಿನ ಮಜ್ಜೆ ಸಾಕಷ್ಟು ರಕ್ತಕಣ ಮಾಡದಿರುವುದು), ಐಟಿಪಿ (ಪ್ಲೇಟ್‌ಲೆಟ್ ಕುಸಿಯುವುದು), ತಲಸ್ಸೇಮಿಯಾ (ಹುಟ್ಟಿನಿಂದ ಬರುವ ರಕ್ತಹೀನತೆ), ಹಿಮೋಫಿಲಿಯಾ (ರಕ್ತ ಸರಿಯಾಗಿ ಹೆಪ್ಪುಗಟ್ಟದಿರುವುದು), ಪದೇ ಪದೇ ರಕ್ತ ಹೆಪ್ಪುಗಟ್ಟುವುದು. ಇವಕ್ಕೆ ಬೇಕಾಗಿರುವುದು ಹೆಮಟಾಲಜಿಸ್ಟ್. ಇವರ ಸಂಖ್ಯೆ ಕಡಿಮೆ, ಇರುವವರೂ ದೊಡ್ಡ ಊರುಗಳಲ್ಲೇ ಜಾಸ್ತಿ. ಇನ್ನೊಂದು ವಿಷಯ: ಲ್ಯಾಬಿನಲ್ಲಿ ಸ್ಲೈಡ್ ನೋಡಿ ವರದಿಗೆ ಸಹಿ ಹಾಕುವ ಪೆಥಾಲಜಿಸ್ಟ್ ಕೂಡ ರಕ್ತದ ತಜ್ಞರೇ, ಆದರೆ ಔಷಧಿ ಬರೆದು ರೋಗಿಯನ್ನು ನೋಡಿಕೊಳ್ಳುವವರು ಬೇರೆ. ಅಪಾಯಿಂಟ್‌ಮೆಂಟ್ ತಗೊಳ್ಳುವ ಮುಂಚೆ ಇದನ್ನು ಕೇಳಿಕೊಳ್ಳಿ.

ಮಕ್ಕಳಾದರೆ ಮಕ್ಕಳ ಕ್ಯಾನ್ಸರ್ ಮತ್ತು ರಕ್ತದ ವಿಭಾಗಕ್ಕೇ ಹೋಗಿ. ದೊಡ್ಡವರ ವಿಭಾಗದಲ್ಲಿ "ನೋಡ್ತೀವಿ ಬನ್ನಿ" ಅಂದರೂ ಬೇಡ. ಈ ಒಂದು ವಿಷಯದಲ್ಲಿ ನಾನು ರಾಜಿ ಆಗುವುದಿಲ್ಲ.

ಕೈಯಲ್ಲಿರುವ ಕಾರ್ಡ್

ಕರ್ನಾಟಕದಲ್ಲಿ ಜಾಸ್ತಿ ಜನರ ಕೈಯಲ್ಲಿರುವುದು ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕ. 2018ರ ಮಾರ್ಚ್‌ನಲ್ಲಿ ರಾಜ್ಯದ ಆರೋಗ್ಯ ಕರ್ನಾಟಕ ಬಂತು, ಅದೇ ವರ್ಷ ಕೇಂದ್ರದ ಯೋಜನೆಯ ಜತೆ ಸೇರಿತು. ಈಗ ಹೆಸರಿನಲ್ಲಿ ಮುಖ್ಯಮಂತ್ರಿ ಅನ್ನುವುದೂ ಸೇರಿದೆ, ಹೆಸರು ಉದ್ದ ಆಗಿದೆ ಅಷ್ಟೇ. ನಡೆಸುವುದು ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ. ಇದು ಒಬ್ಬರಿಗಲ್ಲ, ಇಡೀ ಕುಟುಂಬಕ್ಕೆ. ಎಪಿಎಲ್ ಕುಟುಂಬಕ್ಕೆ ಪ್ಯಾಕೇಜ್ ದರದ ಶೇ 30 ಮಾತ್ರ, ವರ್ಷಕ್ಕೆ 1.5 ಲಕ್ಷ ಮೀರುವಂತಿಲ್ಲ.

ಈ ಶೇ 30ರ ಲೆಕ್ಕ ಬಹಳ ಜನಕ್ಕೆ ಬಿಲ್ಲಿಂಗ್ ಕೌಂಟರಿನಲ್ಲೇ ಗೊತ್ತಾಗುವುದು. ಪ್ಯಾಕೇಜ್ ದರ ಅಂದರೆ ಸರ್ಕಾರ ನಿಗದಿ ಮಾಡಿರುವ ದರ, ಆಸ್ಪತ್ರೆಯ ಬಿಲ್ ಅಲ್ಲ. ಒಂದು ಚಿಕಿತ್ಸೆಗೆ ಸರ್ಕಾರದ ದರ 40 ಸಾವಿರ ಇದ್ದರೆ ಎಪಿಎಲ್‌ನವರಿಗೆ ಯೋಜನೆ ಕೊಡುವುದು 12 ಸಾವಿರ, ಉಳಿದದ್ದು ಕೈಯಿಂದ. ಹಾಗಾಗಿ ಎಪಿಎಲ್‌ನವರು ಖಾಸಗಿ ಆಸ್ಪತ್ರೆಗೂ ಸರ್ಕಾರಿ ಸಂಸ್ಥೆಗೂ ಹೋಲಿಕೆ ಮಾಡುವಾಗ "ಎರಡು ಕಡೆನೂ ಕಾರ್ಡ್ ನಡೆಯುತ್ತೆ" ಅನ್ನುವ ಮಾತಿಗೆ ಮರುಳಾಗಬೇಡಿ, ಕೈಯಿಂದ ಎಷ್ಟು ಹೋಗುತ್ತದೆ ಅಂತ ಎರಡೂ ಕಡೆ ಬರೆಸಿಕೊಂಡು ನೋಡಿ.

ಮತ್ತೊಂದು ಮಿತಿ ಇದೆ, ರಕ್ತದ ಕಾಯಿಲೆಯವರಿಗೆ ಇದೇ ದೊಡ್ಡ ಪೆಟ್ಟು. ಈ ಯೋಜನೆ ಇರುವುದು ದಾಖಲಾಗಿ ತಗೊಳ್ಳುವ ಚಿಕಿತ್ಸೆಗೆ ಮತ್ತು ಅದೇ ದಿನ ಮನೆಗೆ ಕಳಿಸುವ ಡೇಕೇರ್‌ಗೆ. ಹೊರರೋಗಿ ವಿಭಾಗದ ಖರ್ಚು ಅದರಲ್ಲಿಲ್ಲ. ಆದರೆ ರಕ್ತದ ಕಾಯಿಲೆಯಲ್ಲಿ ಮೊದಲ ದೊಡ್ಡ ಖರ್ಚೇ ಪರೀಕ್ಷೆಗಳದ್ದು. ಬೋನ್ ಮ್ಯಾರೋ (ಮೂಳೆಯೊಳಗಿನ ಮಜ್ಜೆಯ ಪರೀಕ್ಷೆ), ಫ್ಲೋ ಸೈಟೋಮೆಟ್ರಿ (ರಕ್ತಕಣಗಳ ಬಗೆ ಗುರುತಿಸುವ ಪರೀಕ್ಷೆ), ಜೆನೆಟಿಕ್ ಟೆಸ್ಟ್, ಇವೆಲ್ಲ ಕಾಯಿಲೆ ಯಾವುದು ಅಂತ ಗೊತ್ತಾಗುವ ಮುಂಚೆಯೇ ಆಗಬೇಕಾದ ಕೆಲಸ. ಕಾಯಿಲೆಯ ಹೆಸರಿಲ್ಲದೆ ಪ್ಯಾಕೇಜ್ ಮಂಜೂರಾಗುವುದಿಲ್ಲ, ಪರೀಕ್ಷೆ ಮಾಡಿಸದೆ ಹೆಸರು ಗೊತ್ತಾಗುವುದಿಲ್ಲ. ಈ ಮಧ್ಯದ ಗುಂಡಿಯಲ್ಲಿ ಜನ ಕೈಯಲ್ಲಿದ್ದ ದುಡ್ಡೆಲ್ಲ ಕಳೆದುಕೊಳ್ಳುತ್ತಾರೆ. ಆದ್ದರಿಂದ ಆಸ್ಪತ್ರೆ ಹೋಲಿಸುವಾಗ ನಾನು ಮೊದಲು ನೋಡುವುದು, ಪರೀಕ್ಷೆಯ ದರ ಎಲ್ಲಿ ಕಡಿಮೆ ಅಂತ. ಆ ಲೆಕ್ಕದಲ್ಲಿ ಸರ್ಕಾರಿ ಸಂಸ್ಥೆಗಳು ಮುಂದೆ.

ಕಿದ್ವಾಯಿ

ಬೆಂಗಳೂರಿನ ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆ ಶುರುವಾಗಿದ್ದು 1973ರಲ್ಲಿ. ರಾಜ್ಯ ಸರ್ಕಾರದ ಸ್ವಾಯತ್ತ ಸಂಸ್ಥೆ, ಜತೆಗೆ ಕೇಂದ್ರ ಗುರುತಿಸಿದ ಪ್ರಾದೇಶಿಕ ಕ್ಯಾನ್ಸರ್ ಕೇಂದ್ರ. ಗಡ್ಡೆಯ ಕ್ಯಾನ್ಸರ್, ರಕ್ತದ ಕ್ಯಾನ್ಸರ್, ಮಕ್ಕಳ ಕ್ಯಾನ್ಸರ್, ರೇಡಿಯೇಷನ್ ಎಲ್ಲ ಒಂದೇ ಆವರಣದಲ್ಲಿ. ಅಸ್ಥಿಮಜ್ಜೆ (ಬೋನ್ ಮ್ಯಾರೋ) ಕಸಿ ಘಟಕವೂ ಇದೆ. ಕಲಬುರಗಿಯಲ್ಲಿ ಒಂದು ಶಾಖೆ ಇದೆ, ಆ ಕಡೆಯವರು ಪ್ರತಿ ಸಲ ಬೆಂಗಳೂರಿಗೆ ಓಡುವ ಮೊದಲು ಅಲ್ಲಿ ಏನೇನು ಸಿಗುತ್ತದೆ ಅಂತ ಕೇಳಬೇಕು.

ಕಿದ್ವಾಯಿಯ ನಿಜವಾದ ಲಾಭ ಅನುಭವ. ರಾಜ್ಯದ ಮೂಲೆಮೂಲೆಯಿಂದ, ಅಕ್ಕಪಕ್ಕದ ರಾಜ್ಯಗಳಿಂದ ರೋಗಿಗಳು ಬರುತ್ತಾರೆ, ಅಪರೂಪದ ಕಾಯಿಲೆ ಅಂತ ಬೇರೆ ಕಡೆ ಹೇಳಿದ್ದು ಅಲ್ಲಿನ ಡಾಕ್ಟರಿಗೆ ದಿನನಿತ್ಯದ ಕೆಲಸ. ಕಾರ್ಡಿನ ಕಾಗದಪತ್ರ ಅಲ್ಲಿನ ಸಿಬ್ಬಂದಿಗೆ ಉರುಹೊಡೆದಷ್ಟು ಗೊತ್ತು. ಪ್ಯಾಕೇಜಿನಲ್ಲಿ ಬಾರದ ಖರ್ಚು ಬಂದರೆ ಬೇರೆ ನಿಧಿಗಳಿಗೆ ಅರ್ಜಿ ಹಾಕುವ ದಾರಿಯೂ ಇರುತ್ತದೆ. ಕೇಂದ್ರದ ರಾಷ್ಟ್ರೀಯ ಆರೋಗ್ಯ ನಿಧಿಯಡಿ ಬಡ ಕ್ಯಾನ್ಸರ್ ರೋಗಿಗಳಿಗೆ ನೆರವು ಹೋಗುವುದು ಇಂಥ ಪ್ರಾದೇಶಿಕ ಕೇಂದ್ರಗಳ ಮೂಲಕ. ರೋಗಿಯ ಜತೆ ಬಂದವರು ಉಳಿಯಲು ಧರ್ಮಶಾಲೆಯೂ ಇದೆ, ಜಾಗ ಸಿಗುವುದು ಆ ದಿನದ ಅದೃಷ್ಟ.

ಕಷ್ಟ ಏನು ಅಂದರೆ ಜನ. ಬೆಳಗಿನ ಜಾವ ಬಂದು ಸಾಲಿನಲ್ಲಿ ನಿಲ್ಲುವವರು, ಟೋಕನ್, ಒಂದು ಬಿಲ್ಡಿಂಗ್‌ನಿಂದ ಇನ್ನೊಂದು ಬಿಲ್ಡಿಂಗ್‌ಗೆ ಓಡಾಟ. ಸ್ಕ್ಯಾನ್‌ಗೆ, ರೇಡಿಯೇಷನ್‌ಗೆ ಕಾಯಬೇಕಾಗಬಹುದು. ಡಾಕ್ಟರ್ ನಿಮ್ಮ ಜತೆ ಕೂತು ನಿಧಾನವಾಗಿ ಮಾತಾಡುವಷ್ಟು ಸಮಯ ಇರುವುದಿಲ್ಲ, ಪ್ರಶ್ನೆಗಳನ್ನು ಚೀಟಿಯಲ್ಲಿ ಬರೆದುಕೊಂಡೇ ಹೋಗಬೇಕು. ರೋಗಿಯ ಜತೆ ಓಡಾಡಲು ಗಟ್ಟಿಮುಟ್ಟಾದ ಒಬ್ಬರು ಬೇಕೇ ಬೇಕು. ವಯಸ್ಸಾದ ಗಂಡ ಹೆಂಡತಿ ಇಬ್ಬರೇ ಹೋಗುತ್ತೇವೆ ಅಂದರೆ ಸುಸ್ತಾಗಿಬಿಡುತ್ತಾರೆ. ಇಷ್ಟೆಲ್ಲ ಇದ್ದರೂ ಕಾಯಿಲೆ ಯಾವುದು ಅಂತಲೇ ಇನ್ನೂ ಗೊತ್ತಿಲ್ಲದ, ಕೈಯಲ್ಲಿ ದುಡ್ಡಿಲ್ಲದ, ಬಿಪಿಎಲ್ ಕಾರ್ಡ್ ಇರುವ ಕುಟುಂಬಕ್ಕೆ ನಾನು ಮೊದಲು ಹೇಳುವ ಹೆಸರು ಇದೇ.

ಮಕ್ಕಳಿಗೆ ಅಲ್ಲೇ ಹತ್ತಿರದಲ್ಲಿ ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆಯೂ ಇದೆ, ಅದೂ ಸರ್ಕಾರದ್ದೇ. ತಲಸ್ಸೇಮಿಯಾದಂಥ ಕ್ಯಾನ್ಸರ್ ಅಲ್ಲದ ರಕ್ತದ ಕಾಯಿಲೆ ಇರುವ ಮಗುವಿಗೆ ಮೊದಲು ಅಲ್ಲಿ ಕೇಳುವುದು ಒಳ್ಳೆಯದು.

ಖಾಸಗಿ ಮತ್ತು ಟ್ರಸ್ಟ್ ಆಸ್ಪತ್ರೆಗಳು

ಬೆಂಗಳೂರಿನಲ್ಲಿ ದೊಡ್ಡ ದೊಡ್ಡ ಹೆಸರುಗಳಿವೆ. ಶಂಕರಪುರದ ಶ್ರೀ ಶಂಕರ ಕ್ಯಾನ್ಸರ್ ಆಸ್ಪತ್ರೆ ಟ್ರಸ್ಟಿನದು. ಸೇಂಟ್ ಜಾನ್ಸ್‌ನಲ್ಲಿ ಕ್ಲಿನಿಕಲ್ ಹೆಮಟಾಲಜಿಗೆ ಅಂತಲೇ ಪ್ರತ್ಯೇಕ ವಿಭಾಗ ಇದೆ. ಬೊಮ್ಮಸಂದ್ರದ ನಾರಾಯಣ ಹೆಲ್ತ್ ಸಿಟಿಯೊಳಗಿನ ಮಜುಂದಾರ್ ಶಾ, ಎಚ್‌ಸಿಜಿ, ವೈದೇಹಿ, ರಾಮಯ್ಯ ಹೀಗೆ ಪಟ್ಟಿ ಉದ್ದ ಇದೆ. ಇವುಗಳಲ್ಲಿ ಯಾವುದು ಈ ತಿಂಗಳು ಯಾವ ವಿಭಾಗಕ್ಕೆ ನೋಂದಣಿಯಾಗಿದೆ ಅನ್ನುವುದನ್ನು ನಾನು ಇಲ್ಲಿ ಬರೆದರೆ ನೀವು ಓದುವಷ್ಟರಲ್ಲಿ ಹಳತಾಗಿರುತ್ತದೆ. ಒಪ್ಪಂದ ಬದಲಾಗುತ್ತದೆ, ಬಾಕಿ ಹಣದ ತಕರಾರಿನಲ್ಲಿ ಕೆಲವು ಆಸ್ಪತ್ರೆಗಳು ಹೊರಗೆ ಹೋಗುತ್ತವೆ, ಮತ್ತೆ ಬರುತ್ತವೆ. ಆಯುಷ್ಮಾನ್ ಯೋಜನೆಯ ವೆಬ್‌ಸೈಟಿನಲ್ಲಿ ಆಸ್ಪತ್ರೆ ಹುಡುಕುವ ಜಾಗ ಇದೆ, ರಾಜ್ಯ, ಜಿಲ್ಲೆ ಹಾಕಿ ಆಮೇಲೆ ವಿಭಾಗವನ್ನೂ ಆರಿಸಬೇಕು. ವಿಭಾಗ ಆರಿಸದೆ ಹುಡುಕಿದರೆ ಪಟ್ಟಿ ಉದ್ದ ಬರುತ್ತದೆ, ಪ್ರಯೋಜನ ಇಲ್ಲ. ಫೋನ್ ಮಾಡುವುದಾದರೆ 14555, ಅಥವಾ ರಾಜ್ಯದ ಆರೋಗ್ಯ ಸಹಾಯವಾಣಿ 104.

ಖಾಸಗಿಯಲ್ಲಿ ಒಳ್ಳೆಯದು ವೇಗ. ಪರೀಕ್ಷೆ ಬೇಗ ಆಗುತ್ತದೆ, ಹಾಸಿಗೆ ಬೇಗ ಸಿಗುತ್ತದೆ, ರಾತ್ರಿ ಜ್ವರ ಬಂದರೆ ಫೋನ್ ಎತ್ತುವವರಿರುತ್ತಾರೆ. ಆದರೆ ಬಿಪಿಎಲ್‌ನವರು ಖಾಸಗಿಗೆ ಹೋಗಲು ಮಾಮೂಲಿಯಾಗಿ ಸರ್ಕಾರಿ ಆಸ್ಪತ್ರೆಯ ರೆಫರಲ್ ಪತ್ರ ಬೇಕು. ಈ ಚಿಕಿತ್ಸೆ ನಮ್ಮಲ್ಲಿ ಇಲ್ಲ ಅಂತ ಅವರು ಬರೆದುಕೊಡಬೇಕು. ತುರ್ತು ಅಂತ ಪಟ್ಟಿ ಮಾಡಿರುವ ಚಿಕಿತ್ಸೆಗಳಿಗೆ ಮಾತ್ರ ಪತ್ರ ಇಲ್ಲದೆ ನೇರ ಹೋಗಬಹುದು. ಎಷ್ಟೋ ಜನ ಪತ್ರ ಇಲ್ಲದೆ ಬೆಂಗಳೂರಿಗೆ ಬಂದು, ವಾಪಸ್ ಜಿಲ್ಲಾ ಆಸ್ಪತ್ರೆಗೆ ಹೋಗಿ, ಮತ್ತೆ ಬರುತ್ತಾರೆ. ಊರು ಬಿಡುವ ಮುಂಚೆ ಆ ಪತ್ರ ಆಧಾರ್, ಪಡಿತರ ಚೀಟಿಯ ಜತೆ ಚೀಲದಲ್ಲಿ ಇರಲಿ.

ಇನ್ನೊಂದು, ಸ್ವಲ್ಪ ಕಟುವಾಗಿಯೇ ಹೇಳುತ್ತೇನೆ. ಕೆಲವು ಕಡೆ ಮೊದಲ ಎರಡು ಕೀಮೋ ಕಾರ್ಡಿನಲ್ಲಿ ಸರಾಗವಾಗಿ ಆಗುತ್ತದೆ, ಮೂರನೆಯದಕ್ಕೆ "ಈ ಔಷಧಿ ಪ್ಯಾಕೇಜಿನಲ್ಲಿ ಬರಲ್ಲ, ಇದು ಇನ್ನೂ ಚೆನ್ನಾಗಿದೆ, ಹೊರಗಿಂದ ತನ್ನಿ" ಅನ್ನುವ ಮಾತು ಬರುತ್ತದೆ. ಕೆಲವು ಸಲ ಅದು ನಿಜ. ಹೊಸ ಇಂಜೆಕ್ಷನ್‌ಗಳು, ಇಮ್ಯುನೊಥೆರಪಿ ಔಷಧಿಗಳು ಬಹಳಷ್ಟು ಪ್ಯಾಕೇಜಿನ ಹೊರಗೇ ಇವೆ, ಡಾಕ್ಟರನ್ನು ಬೈದು ಫಲವಿಲ್ಲ. ಕೆಲವು ಸಲ ಅದು ವ್ಯಾಪಾರ. ಗೊತ್ತುಮಾಡಿಕೊಳ್ಳುವ ದಾರಿ ಒಂದೇ: ಇಡೀ ಚಿಕಿತ್ಸೆಯ ಯೋಜನೆಯನ್ನು ಶುರುವಿನಲ್ಲೇ ಬರೆಸಿಕೊಳ್ಳಿ. ಎಷ್ಟು ಸೈಕಲ್ (ಕೀಮೋದ ಸುತ್ತು), ಯಾವ ಔಷಧಿಗಳು, ಯಾವುದು ಕಾರ್ಡಿನಲ್ಲಿ, ಯಾವುದು ಕೈಯಿಂದ. ಯೋಜನೆಯ ನಿಯಮದಲ್ಲೇ ಕ್ಯಾನ್ಸರ್ ಚಿಕಿತ್ಸೆಗೆ ಟ್ಯೂಮರ್ ಬೋರ್ಡ್, ಅಂದರೆ ಬೇರೆ ಬೇರೆ ವಿಭಾಗದ ಡಾಕ್ಟರುಗಳು ಕೂತು ಒಪ್ಪಿದ ಕಾಗದ ಬೇಕು. ಅದರ ಪ್ರತಿ ಕೇಳಿ. ಕೊಡಲು ಹಿಂದೆಮುಂದೆ ನೋಡುವ ಆಸ್ಪತ್ರೆಯನ್ನು ನಾನಾದರೆ ಪಟ್ಟಿಯಿಂದ ತೆಗೆದುಬಿಡುತ್ತೇನೆ.

ಊರ ಹತ್ತಿರದ ಮೆಡಿಕಲ್ ಕಾಲೇಜು, ಜಿಲ್ಲಾ ಆಸ್ಪತ್ರೆ

ಬೆಂಗಳೂರೇ ಎಲ್ಲದಕ್ಕೂ ಉತ್ತರ ಅನ್ನುವುದು ತಪ್ಪು ಲೆಕ್ಕ. ಹುಬ್ಬಳ್ಳಿಯ ನವನಗರದಲ್ಲಿ ಕರ್ನಾಟಕ ಕ್ಯಾನ್ಸರ್ ಥೆರಪಿ ಸಂಸ್ಥೆ ಇದೆ, ಬೆಳಗಾವಿಯಲ್ಲಿ ಕೆಎಲ್‌ಇ, ಮಣಿಪಾಲದಲ್ಲಿ ಕಸ್ತೂರಬಾ, ಮಂಗಳೂರಿನಲ್ಲಿ ಮೂರ್ನಾಲ್ಕು ಮೆಡಿಕಲ್ ಕಾಲೇಜು ಆಸ್ಪತ್ರೆಗಳು, ಮೈಸೂರು, ಶಿವಮೊಗ್ಗದಲ್ಲೂ ಕ್ಯಾನ್ಸರ್ ಆಸ್ಪತ್ರೆಗಳಿವೆ. ಕರಾವಳಿಯವರು, ಕಾಸರಗೋಡಿನವರು ಬೆಂಗಳೂರಿನ ಬಸ್ಸು ಹತ್ತುವ ಮೊದಲು ಮಣಿಪಾಲ, ಮಂಗಳೂರು ನೋಡದಿದ್ದರೆ ಅದು ಸುಮ್ನೆ ಸುಸ್ತು.

2025ರಲ್ಲಿ ರಾಜ್ಯ ಸರ್ಕಾರ 16 ಜಿಲ್ಲಾ ಆಸ್ಪತ್ರೆಗಳಲ್ಲಿ ಡೇಕೇರ್ ಕೀಮೋ ಕೇಂದ್ರಗಳನ್ನು ಶುರುಮಾಡಿತು. ಲೆಕ್ಕಾಚಾರ ಹೀಗೆ: ದೊಡ್ಡ ಆಸ್ಪತ್ರೆಯಲ್ಲಿ ಕಾಯಿಲೆ ಪತ್ತೆಯಾಗಿ, ಚಿಕಿತ್ಸೆ ನಿರ್ಧಾರವಾಗುತ್ತದೆ, ಮುಂದಿನ ಕೀಮೋಗಳನ್ನು ಊರ ಹತ್ತಿರ ತಗೊಳ್ಳಬಹುದು. ಸ್ತನ ಕ್ಯಾನ್ಸರ್‌ನಂಥ, ಮೂರು ವಾರಕ್ಕೊಮ್ಮೆ ಬಂದು ಕೆಲವು ಗಂಟೆ ಡ್ರಿಪ್ ಹಾಕಿಸಿಕೊಂಡು ಹೋಗುವ ಚಿಕಿತ್ಸೆಗೆ ಇದು ದೊಡ್ಡ ಉಪಕಾರ. ಕೂಲಿ ಉಳಿಯುತ್ತದೆ, ರೂಮ್ ಬಾಡಿಗೆ ಉಳಿಯುತ್ತದೆ. ಆದರೆ ತೀವ್ರ ಲ್ಯುಕೇಮಿಯಾದ ಮೊದಲ ತಿಂಗಳಿಗೆ ಡೇಕೇರ್ ಸಾಲುವುದಿಲ್ಲ, ಅದಕ್ಕೆ ಬೇರೆಯೇ ವ್ಯವಸ್ಥೆ ಬೇಕು. ಅದನ್ನು ಮುಂದೆ ಹೇಳುತ್ತೇನೆ.

ಇಎಸ್‌ಐ, ಸಿಜಿಎಚ್‌ಎಸ್, ಯಶಸ್ವಿನಿ

ಮನೆಯಲ್ಲಿ ಒಬ್ಬರು ಗಾರ್ಮೆಂಟ್ಸ್‌ನಲ್ಲೋ, ಸೆಕ್ಯುರಿಟಿ ಏಜೆನ್ಸಿಯಲ್ಲೋ ದುಡಿಯುತ್ತಿದ್ದರೆ ಮೊದಲು ಸಂಬಳದ ಚೀಟಿ ನೋಡಿ. ತಿಂಗಳ ಸಂಬಳ 21,000 ರೂಪಾಯಿ ಒಳಗಿದ್ದು ಇಎಸ್‌ಐ (ನೌಕರರ ರಾಜ್ಯ ವಿಮೆ) ಕಡಿತ ಆಗುತ್ತಿದ್ದರೆ, ಬಿಪಿಎಲ್ ಕಾರ್ಡಿಗಿಂತ ಅದೇ ದೊಡ್ಡ ಆಸ್ತಿ ಆಗಬಹುದು. ಇಎಸ್‌ಐನಲ್ಲಿ ವರ್ಷಕ್ಕೆ 5 ಲಕ್ಷ ಅನ್ನುವಂಥ ಮಿತಿ ಇಲ್ಲ. ಹೊರರೋಗಿ ಪರೀಕ್ಷೆ, ಔಷಧಿ ಕೂಡ ಅದರೊಳಗೆ ಬರುತ್ತವೆ. ದುಡಿಯುವವರಿಗೇ ಕ್ಯಾನ್ಸರ್ ಬಂದು ಕೆಲಸಕ್ಕೆ ಹೋಗಲಾಗದಿದ್ದರೆ, ಎರಡು ವರ್ಷದ ಸೇವೆಯಂಥ ಷರತ್ತುಗಳು ಪೂರೈಸಿದ್ದರೆ, ವಿಸ್ತೃತ ಅನಾರೋಗ್ಯ ಭತ್ಯೆ ಅಂತ ಸಂಬಳದ ಶೇ 80ರಷ್ಟು ಎರಡು ವರ್ಷದವರೆಗೂ ಸಿಗುವ ಅವಕಾಶ ಇದೆ. ಆಯುಷ್ಮಾನ್ ಕಾರ್ಡಿನಲ್ಲಿ ಇಂಥದ್ದೇನೂ ಇಲ್ಲ. ಹೀಗಿದ್ದೂ ಎಷ್ಟೋ ಜನ ಇಎಸ್‌ಐ ಇದ್ದೂ ಅದನ್ನು ಬಿಟ್ಟು, ಕೆಲಸವನ್ನೂ ಬಿಟ್ಟು, ಬಿಪಿಎಲ್ ಕಾರ್ಡ್ ಹಿಡಿದು ಅಲೆಯುತ್ತಾರೆ. ಕೆಲಸ ಬಿಡಬೇಡಿ, ರಜೆ ಹಾಕಿ. ಕೆಲಸ ಬಿಟ್ಟರೆ ಇಎಸ್‌ಐ ಕೈತಪ್ಪುತ್ತದೆ.

ಇಎಸ್‌ಐನ ಕಷ್ಟ ಮೆಟ್ಟಿಲುಗಳು. ಡಿಸ್ಪೆನ್ಸರಿ, ಅಲ್ಲಿಂದ ರಾಜಾಜಿನಗರ ಅಥವಾ ಕಲಬುರಗಿಯಂಥ ಇಎಸ್‌ಐ ಆಸ್ಪತ್ರೆ, ಅಲ್ಲಿಂದ ಒಪ್ಪಂದ ಇರುವ ಖಾಸಗಿ ಆಸ್ಪತ್ರೆ. ಪ್ರತಿ ಮೆಟ್ಟಿಲಿಗೂ ಒಂದು ಪತ್ರ, ಪತ್ರಕ್ಕೊಂದು ಅವಧಿ. ಕೀಮೋದ ದಿನಕ್ಕೆ ಪತ್ರದ ಅವಧಿ ಮುಗಿದಿದ್ದರೆ ಅಲ್ಲೇ ನಿಲ್ಲಬೇಕು. ಮನೆಯಲ್ಲಿ ಒಬ್ಬರು ಈ ಕಾಗದಗಳ ಜವಾಬ್ದಾರಿಯನ್ನೇ ಹೊತ್ತುಕೊಳ್ಳಬೇಕಾಗುತ್ತದೆ.

ಕೇಂದ್ರ ಸರ್ಕಾರದ ನೌಕರರು, ಪಿಂಚಣಿದಾರರಿಗೆ ಸಿಜಿಎಚ್‌ಎಸ್ ಇದೆ, ಆಯ್ಕೆ ವಿಶಾಲ. 70 ವರ್ಷ ದಾಟಿದವರು ತಜ್ಞರನ್ನು ನೋಡಲು ರೆಫರಲ್‌ಗೆ ಕಾಯಬೇಕಾಗಿಲ್ಲ. ರಾಜ್ಯ ಸರ್ಕಾರಿ ನೌಕರರಿಗೆ ಮೊದಲು ಜ್ಯೋತಿ ಸಂಜೀವಿನಿ ಇತ್ತು, ಈಗ 2025ರಲ್ಲಿ ಬಂದ ಕರ್ನಾಟಕ ಆರೋಗ್ಯ ಸಂಜೀವಿನಿ. ಸಹಕಾರ ಸಂಘದ ಸದಸ್ಯರ ಯಶಸ್ವಿನಿ ಮೊದಲಿಂದಲೂ ಆಪರೇಷನ್ ಕಡೆಗೇ ವಾಲಿದ ಯೋಜನೆ. ಗಡ್ಡೆ ತೆಗೆಯುವ ಆಪರೇಷನ್ ಅದರಲ್ಲಿ ಆದರೂ, ರಕ್ತದ ಕ್ಯಾನ್ಸರಿಗೆ ಆಪರೇಷನ್ ಅನ್ನುವುದೇ ಇಲ್ಲ. ಹಾಗಾಗಿ ಯಶಸ್ವಿನಿ ಒಂದನ್ನೇ ನಂಬಿಕೊಂಡು ಹೆಮಟಾಲಜಿಸ್ಟ್ ಹುಡುಕಲು ಹೊರಡಬೇಡಿ.

ಕಾಯಿಲೆ ನೋಡಿ ಆಸ್ಪತ್ರೆ

ತೀವ್ರ ಲ್ಯುಕೇಮಿಯಾ ಅಂದರೆ ಹೋಲಿಕೆ ಮಾಡುತ್ತಾ ಕೂರಲು ಸಮಯ ಇಲ್ಲ. ದಿನಗಳಲ್ಲಿ ಚಿಕಿತ್ಸೆ ಶುರುವಾಗಬೇಕು. ಅದರಲ್ಲೂ ಎಪಿಎಂಎಲ್ ಅನ್ನುವ ಒಂದು ಬಗೆ ಇದೆ, ರಕ್ತಸ್ರಾವದಿಂದ ಮೊದಲ ದಿನಗಳಲ್ಲೇ ಪ್ರಾಣಕ್ಕೆ ಸಂಚಕಾರ ತರುತ್ತದೆ, ಆದರೆ ಅಷ್ಟು ದಾಟಿಸಿಬಿಟ್ಟರೆ ಚೆನ್ನಾಗಿ ವಾಸಿಯಾಗುವ ಕಾಯಿಲೆ. ಇಂಥ ಕಡೆ ಹಾಸಿಗೆ ಎಲ್ಲಿ ಇವತ್ತೇ ಸಿಗುತ್ತದೋ ಅದೇ ಒಳ್ಳೆಯ ಆಸ್ಪತ್ರೆ. ಕೇಳಬೇಕಾದ್ದು ಮೂರು: 24 ಗಂಟೆ ತುರ್ತು ವಿಭಾಗ ಇದೆಯಾ, ಅದೇ ಆವರಣದಲ್ಲಿ ಬ್ಲಡ್ ಬ್ಯಾಂಕ್ ಇದ್ದು ಪ್ಲೇಟ್‌ಲೆಟ್ ಸಿಗುತ್ತದಾ, ಐಸಿಯು ಇದೆಯಾ. ಕೀಮೋ ಆದ ಮೇಲೆ ಬಿಳಿ ರಕ್ತಕಣ ನೆಲಕಚ್ಚಿದಾಗ 100.4 ಡಿಗ್ರಿ ಜ್ವರ ಬಂದರೆ ಅದು ತುರ್ತು ಪರಿಸ್ಥಿತಿ, ಕ್ರೋಸಿನ್ ನುಂಗಿ ಬೆಳಿಗ್ಗೆ ನೋಡೋಣ ಅನ್ನುವಂತಿಲ್ಲ. ಆದ್ದರಿಂದ ಮೊದಲ ತಿಂಗಳುಗಳಲ್ಲಿ ಆಸ್ಪತ್ರೆ ಇರುವ ಊರಿನಲ್ಲೇ ರೂಮ್ ಮಾಡಿಕೊಂಡು ಉಳಿಯುವ ಖರ್ಚನ್ನೂ ಹೋಲಿಕೆಯಲ್ಲಿ ಸೇರಿಸಿ. ಕಾರ್ಡ್ ಆ ಬಾಡಿಗೆ ಕೊಡುವುದಿಲ್ಲ. ರಕ್ತ ಕೊಡಲು ನೆಂಟರು, ಗೆಳೆಯರ ಪಟ್ಟಿಯನ್ನೂ ಈಗಲೇ ಮಾಡಿಕೊಳ್ಳಿ, ಪ್ಲೇಟ್‌ಲೆಟ್ ಐದು ದಿನಕ್ಕಿಂತ ಜಾಸ್ತಿ ಇಡಲು ಬರುವುದಿಲ್ಲ.

ಮಕ್ಕಳಲ್ಲಿ ಜಾಸ್ತಿ ಬರುವ ಎಎಲ್‌ಎಲ್ ಅನ್ನುವ ತೀವ್ರ ಲ್ಯುಕೇಮಿಯಾದ ಚಿಕಿತ್ಸೆ ಎರಡರಿಂದ ಮೂರು ವರ್ಷ ನಡೆಯುತ್ತದೆ. ಮೊದಲ ಹಲವು ತಿಂಗಳು ಕಠಿಣ, ಆಮೇಲೆ ಮನೆಯಲ್ಲಿ ಮಾತ್ರೆ ನುಂಗುತ್ತಾ ಆಗಾಗ ರಕ್ತ ಪರೀಕ್ಷೆ. ದೂರದ ಊರಿನಲ್ಲಿ ಶುರುಮಾಡಿ ಅರ್ಧಕ್ಕೆ ಬಿಡುವುದು ಎಲ್ಲಕ್ಕಿಂತ ಕೆಟ್ಟದ್ದು. ಅಪ್ಪನ ಕೂಲಿ ನಿಲ್ಲುತ್ತದೆ, ಅಮ್ಮ ಇನ್ನೊಂದು ಮಗುವನ್ನು ಅಜ್ಜಿ ಮನೆಯಲ್ಲಿ ಬಿಟ್ಟಿರುತ್ತಾಳೆ, ಮಾತ್ರೆಯ ಹಂತ ಬಂದಾಗ ಮಗು ಚೆನ್ನಾಗಿ ಆಡುತ್ತಿದೆಯಲ್ಲ ಅಂತ ಹೋಗುವುದನ್ನೇ ನಿಲ್ಲಿಸಿಬಿಡುತ್ತಾರೆ. ಮೊದಲ ಭಾಗ ದೊಡ್ಡ ಕೇಂದ್ರದಲ್ಲಿ, ಮಾತ್ರೆಯ ಭಾಗ ಊರ ಹತ್ತಿರದ ಡಾಕ್ಟರ ಜತೆ ಹಂಚಿಕೊಳ್ಳಲು ಒಪ್ಪುವ ಆಸ್ಪತ್ರೆ ಸಿಕ್ಕರೆ ಬಿಡಬೇಡಿ.

ಸಿಎಂಎಲ್ ಅನ್ನುವ ನಿಧಾನದ ಲ್ಯುಕೇಮಿಯಾ ಬೇರೆಯೇ ಕಥೆ. ದಿನಕ್ಕೊಂದು ಇಮಾಟಿನಿಬ್ ಮಾತ್ರೆ, ವರ್ಷಗಟ್ಟಲೆ. 2013ರ ಏಪ್ರಿಲ್ 1ರಂದು ಸುಪ್ರೀಂ ಕೋರ್ಟ್ ನೊವಾರ್ಟಿಸ್ ಕಂಪನಿಗೆ ಈ ಔಷಧಿಯ ಪೇಟೆಂಟ್ ಕೊಡಲು ಆಗುವುದಿಲ್ಲ ಅಂದಿದ್ದರಿಂದ ಇಲ್ಲಿ ಜೆನೆರಿಕ್ ಮಾತ್ರೆಗಳು ಉಳಿದುಕೊಂಡವು. ಬ್ರ್ಯಾಂಡಿನ ದರಕ್ಕೆ ಹೋಲಿಸಿದರೆ ತೀರಾ ಅಗ್ಗ. ಈ ಕಾಯಿಲೆಗೆ ದೊಡ್ಡ ಹಾಸಿಗೆ, ಐಸಿಯು ಮುಖ್ಯ ಅಲ್ಲ. ಮಾತ್ರೆ ತಪ್ಪದೆ ಸಿಗುವುದು, ಕಾಯಿಲೆ ಎಷ್ಟು ಹತೋಟಿಯಲ್ಲಿದೆ ಅಂತ ತೋರಿಸುವ ಬಿಸಿಆರ್-ಎಬಿಎಲ್ ಪರೀಕ್ಷೆ ಕಾಲಕಾಲಕ್ಕೆ ಕಡಿಮೆ ದರದಲ್ಲಿ ಆಗುವುದು, ಇವೆರಡು ಮುಖ್ಯ. ಹಾಗಾಗಿ ಸರ್ಕಾರಿ ಸಂಸ್ಥೆಯಲ್ಲಿ ಹೆಸರು ನೋಂದಾಯಿಸಿಕೊಂಡು ಅಲ್ಲೇ ಮುಂದುವರಿಯುವುದು ಜಾಣತನ.

ಮೈಲೋಮಾದಲ್ಲಿ ವಾರಕ್ಕೊಮ್ಮೆ ಬೊರ್ಟೆಝೊಮಿಬ್ ಇಂಜೆಕ್ಷನ್ ಹಾಕಿಸಿಕೊಳ್ಳುವುದು ಸಾಮಾನ್ಯ. ವಾರಕ್ಕೊಮ್ಮೆ ರಾಯಚೂರಿನಿಂದ ಬೆಂಗಳೂರಿಗೆ ಬರಲು ಆಗುತ್ತದಾ? ಚರ್ಮದ ಕೆಳಗೆ ಚುಚ್ಚುವ ಇಂಜೆಕ್ಷನ್ ಅದು, ಹತ್ತಿರದ ಕೇಂದ್ರದಲ್ಲಿ ಹಾಕಿಸಲು ದೊಡ್ಡ ಡಾಕ್ಟರ್ ಪತ್ರ ಕೊಡುತ್ತಾರಾ ಅಂತ ಮೊದಲ ಭೇಟಿಯಲ್ಲೇ ಕೇಳಿ. ಮುಂದೆ ಕಸಿ ಬೇಕಾಗಬಹುದು ಅಂದರೆ, ಕಸಿ ಘಟಕ ಇರುವ ಆಸ್ಪತ್ರೆಯಲ್ಲೇ ಫೈಲ್ ತೆರೆದಿರುವುದು ಅನುಕೂಲ. ಕಸಿಯ ಖರ್ಚು ಕಾರ್ಡಿನ ಮಿತಿ ದಾಟುವ ಸಂಭವ ಜಾಸ್ತಿ, ಮುಖ್ಯಮಂತ್ರಿ ಪರಿಹಾರ ನಿಧಿಗೆ, ಪ್ರಧಾನಿ ಪರಿಹಾರ ನಿಧಿಗೆ ಅರ್ಜಿ ಹಾಕಲು ಆಸ್ಪತ್ರೆಯ ಅಂದಾಜು ಪಟ್ಟಿ ಬೇಕಾಗುತ್ತದೆ. ಅದನ್ನು ಚಿಕಿತ್ಸೆಗೆ ಮುಂಚೆಯೇ ತಗೊಳ್ಳಿ.

ತಲಸ್ಸೇಮಿಯಾ, ಸಿಕಲ್ ಸೆಲ್, ಹಿಮೋಫಿಲಿಯಾ ಇರುವವರಿಗೆ ಸರ್ಕಾರಿ ರಕ್ತನಿಧಿಗಳಲ್ಲಿ ರಕ್ತಕ್ಕೆ ಸಂಸ್ಕರಣಾ ಶುಲ್ಕವನ್ನೂ ತಗೊಳ್ಳಬಾರದು ಅನ್ನುವ ನಿಯಮ ಇದೆ. ಹಿಮೋಫಿಲಿಯಾದವರು ದಾವಣಗೆರೆಯಲ್ಲಿರುವ ಹಿಮೋಫಿಲಿಯಾ ಸೊಸೈಟಿಯನ್ನು ಒಮ್ಮೆ ಸಂಪರ್ಕಿಸಲೇಬೇಕು, ಈ ಕಾಯಿಲೆಯ ಬಗ್ಗೆ ಅಷ್ಟು ಕೆಲಸ ಮಾಡಿದವರು ರಾಜ್ಯದಲ್ಲಿ ಕಡಿಮೆ.

ಆರೋಗ್ಯ ಮಿತ್ರರನ್ನು ಕೇಳುವುದು

ಪ್ರತಿ ನೋಂದಾಯಿತ ಆಸ್ಪತ್ರೆಯಲ್ಲೂ ಕಾರ್ಡಿನ ಕೆಲಸ ನೋಡಿಕೊಳ್ಳಲು ಆರೋಗ್ಯ ಮಿತ್ರ ಅಂತ ಒಬ್ಬರು ಇರುತ್ತಾರೆ. ಡಾಕ್ಟರಿಗಿಂತ ಮೊದಲು ಇವರನ್ನು ನೋಡಿ. "ಕಾರ್ಡ್ ನಡೆಯುತ್ತಾ ಸರ್?" ಅಂತ ಮಾತ್ರ ಕೇಳಿದರೆ "ನಡೆಯುತ್ತೆ" ಅನ್ನುತ್ತಾರೆ, ಅವರದೇನೂ ತಪ್ಪಿಲ್ಲ. ಹೀಗೆ ಕೇಳಿ: ಮೆಡಿಕಲ್ ಆಂಕಾಲಜಿಗೆ ನಿಮ್ಮಲ್ಲಿ ನೋಂದಣಿ ಇದೆಯಾ? ಈ ಕಾಯಿಲೆಗೆ ಪ್ಯಾಕೇಜ್ ಇದೆಯಾ, ಪ್ರತಿ ಸೈಕಲ್‌ಗೂ ಹೊಸದಾಗಿ ಮಂಜೂರಾತಿ ತಗೋಬೇಕಾ, ಎಷ್ಟು ದಿನ ಹಿಡಿಯುತ್ತೆ? ದಾಖಲಾಗುವ ಮೊದಲಿನ ಪರೀಕ್ಷೆಗಳಲ್ಲಿ ಯಾವುದಾದರೂ ಸೇರುತ್ತಾ? ಈ ವರ್ಷದ 5 ಲಕ್ಷದಲ್ಲಿ ನಮ್ಮ ಕುಟುಂಬದ್ದು ಎಷ್ಟು ಉಳಿದಿದೆ? ಕೊನೆಯದನ್ನು ಜನ ಕೇಳುವುದೇ ಇಲ್ಲ. ಮಾವನ ಹೃದಯದ ಆಪರೇಷನ್ ಅದೇ ಕಾರ್ಡಿನಲ್ಲಿ ಆಗಿದ್ದರೆ ಅಷ್ಟು ಕಳೆದು ಉಳಿದದ್ದೇ ನಿಮಗೆ.

ಇನ್ನು ಹೊರರಾಜ್ಯದ ದೊಡ್ಡ ಆಸ್ಪತ್ರೆಗಳು: ವೆಲ್ಲೂರಿನ ಸಿಎಂಸಿ, ಮುಂಬೈನ ಟಾಟಾ ಕ್ಯಾನ್ಸರ್ ಆಸ್ಪತ್ರೆ. ರಕ್ತದ ಕಾಯಿಲೆ ಅಂದರೆ ಸಿಎಂಸಿಯ ಹೆಸರು ಬರುವುದು ಸಹಜ, 1986ರಿಂದ ಅಲ್ಲಿ ಅಸ್ಥಿಮಜ್ಜೆ ಕಸಿ ಮಾಡುತ್ತಾ ಬಂದಿದ್ದಾರೆ. ಉತ್ತರ ಕರ್ನಾಟಕದವರು ಟಾಟಾಗೆ ಹೋಗುವುದೂ ಹಳೆಯ ರೂಢಿ. ಕಾಯಿಲೆ ನಿಜಕ್ಕೂ ಜಟಿಲ ಆಗಿದ್ದರೆ ಎರಡನೇ ಅಭಿಪ್ರಾಯಕ್ಕೆ ಹೋಗಿ ಬನ್ನಿ. ಆದರೆ ಅಲ್ಲೇ ಚಿಕಿತ್ಸೆ ತಗೊಳ್ಳುವುದಾದರೆ, ನಿಮ್ಮ ಕುಟುಂಬದ ಹೆಸರು ಕೇಂದ್ರದ ಪಟ್ಟಿಯಲ್ಲಿದೆಯೋ ರಾಜ್ಯ ಆಮೇಲೆ ಸೇರಿಸಿದ ಪಟ್ಟಿಯಲ್ಲಿದೆಯೋ, ಹೊರರಾಜ್ಯದಲ್ಲಿ ಅದು ನಡೆಯುತ್ತದೋ ಅಂತ 14555ಕ್ಕೆ ಫೋನ್ ಮಾಡಿ ಕೇಳಿಕೊಂಡು ಹೊರಡಿ. ರೈಲಿನಲ್ಲಿ ಹೋಗುವುದಾದರೆ ಕ್ಯಾನ್ಸರ್ ರೋಗಿಗೆ ಸ್ಲೀಪರ್ ಮತ್ತು ಥರ್ಡ್ ಎಸಿಯಲ್ಲಿ ಪೂರ್ತಿ ರಿಯಾಯಿತಿ, ಜತೆಗೆ ಹೋಗುವ ಒಬ್ಬರಿಗೆ ಶೇ 75. ಅದಕ್ಕೆ ಆಸ್ಪತ್ರೆಯ ಡಾಕ್ಟರ್ ಸಹಿ, ಸೀಲ್ ಇರುವ ನಿಗದಿತ ಫಾರಂ ಬೇಕು.

ನೋಂದಾಯಿತ ಆಸ್ಪತ್ರೆಯಲ್ಲಿ ಪ್ಯಾಕೇಜಿನೊಳಗಿನ ಚಿಕಿತ್ಸೆಗೆ ಬಿಪಿಎಲ್‌ನವರಿಂದ ದುಡ್ಡು ಕೇಳಿದರೆ ಜಗಳಕ್ಕೆ ಇಳಿಯಬೇಡಿ, ರಸೀದಿ ಕೇಳಿ. ರಸೀದಿ ಕೊಟ್ಟರೆ ಅದನ್ನೇ ಇಟ್ಟುಕೊಂಡು 14555ರಲ್ಲೋ ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟಿಗೋ ದೂರು ಕೊಡಿ, ದೂರಿನ ಸಂಖ್ಯೆ ಬರೆದುಕೊಳ್ಳಿ. ರಸೀದಿ ಕೊಡಲ್ಲ ಅಂದರೆ ಬಹಳ ಸಲ ದುಡ್ಡು ಕೇಳುವುದನ್ನೂ ಬಿಡುತ್ತಾರೆ.